ಬೆರಗಿನ ಚಕ್ರ ರಸ್ತೆಗಿಳಿದರೆ? ಕಸ್ಟಮ್ ಬೈಕ್‌ಗಳ ಅಂದ, ಅಪಾಯ ಮತ್ತು ಕಾನೂನಿನ ಕಂದಕ

ಕಸ್ಟಮ್ ಬೈಕ್‌ಗಳ ಪ್ರದರ್ಶನಕ್ಕೆ ಹೋದವರ ಮೊಬೈಲ್ ಕ್ಯಾಮೆರಾ ಮೊದಲು ತಿರುಗುವುದು ಚಕ್ರದ ಕಡೆಗೆ. ಸೊಂಟದ ಸಮೀಪಕ್ಕೆ ಬರುವ 30 ಇಂಚಿನ ಮುಂಚಕ್ರ, ಕಾರಿನ ಟೈರಿಗಿಂತ ಅಗಲವಾದ ಹಿಂಚಕ್ರ, ಕಡ್ಡಿಗಳೇ ಇಲ್ಲದ ಅಲ್ಯೂಮಿನಿಯಂ ತಟ್ಟೆ, ನಡುವೆ ಏನೂ ಇಲ್ಲದೆ ಬರಿಯ ಬಳೆಯಂತೆ ತಿರುಗುವ ಹಬ್‌ರಹಿತ ಚಕ್ರ. ಬಣ್ಣ, ಟ್ಯಾಂಕ್, ಸೀಟು ಎಲ್ಲವೂ ಆಮೇಲಿನ ಮಾತು.

ಅಮೆರಿಕದ ಸ್ಟರ್ಗಿಸ್‌ನಲ್ಲಿ 1938ರಿಂದ ನಡೆಯುತ್ತಿರುವ ಬೈಕ್ ಜಾತ್ರೆಯಲ್ಲಿ ಇದು ಹಳೆಯ ದೃಶ್ಯ. ಭಾರತದಲ್ಲೂ 2013ರಲ್ಲಿ ಗೋವಾದಲ್ಲಿ ಇಂಡಿಯಾ ಬೈಕ್ ವೀಕ್ ಆರಂಭವಾದ ಮೇಲೆ ಈ ಲೋಕ ಬೆಳೆದಿದೆ. ಜೈಪುರದ ರಾಜಪುತಾನಾ ಕಸ್ಟಮ್ಸ್, ಮುಂಬೈನ ವರ್ದೆಂಚಿ, ಬೆಂಗಳೂರಿನ ಬುಲೆಟಿಯರ್ ಕಸ್ಟಮ್ಸ್‌ನಂಥ ಸಂಸ್ಥೆಗಳು ಹೆಸರು ಮಾಡಿವೆ. ಆದರೆ ವೇದಿಕೆಯ ಮೇಲೆ ನಿಲ್ಲಿಸಲು ಮಾಡಿದ ಚಕ್ರ, ಅಥವಾ ಅದನ್ನು ನೋಡಿ ಮಾಡಿದ ಅಗ್ಗದ ನಕಲು, ರಸ್ತೆಗಿಳಿದರೆ ಅದರ ಬಲಕ್ಕೆ ಯಾರು ಹೊಣೆ? ಈ ಪ್ರಶ್ನೆಗೆ ದೇಶದಲ್ಲಿ ಇನ್ನೂ ಸ್ಪಷ್ಟ ಉತ್ತರವಿಲ್ಲ.

ಪ್ರಶ್ನೆ ಸಣ್ಣದಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಶೇ 44.5ರಷ್ಟು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಇಂಥ ದೇಶದಲ್ಲಿ ಬೈಕಿನ ಚಕ್ರವನ್ನು ಬರೀ ಅಲಂಕಾರ ಎಂದು ನೋಡಲಾಗದು.

ಅಂದಕ್ಕೆ ತೆರುವ ಬೆಲೆ

ಚಕ್ರ ದೊಡ್ಡದಾದರೆ ಬೈಕಿನ ನೋಟ ಮಾತ್ರವಲ್ಲ, ನಡತೆಯೂ ಬದಲಾಗುತ್ತದೆ. ಅಂಚಿನ ತೂಕ ಅಷ್ಟೇ ಇದ್ದರೂ ಮುಂಚಕ್ರ 19 ಇಂಚಿನಿಂದ 30 ಇಂಚಿಗೆ ಏರಿದರೆ ಅದರ ತಿರುಗುವ ಜಡತ್ವ ಸುಮಾರು ಎರಡೂವರೆ ಪಟ್ಟಾಗುತ್ತದೆ. ಅಂದರೆ ಓಡುತ್ತಿರುವ ಚಕ್ರವನ್ನು ನಿಲ್ಲಿಸುವುದೂ ವಾಲಿಸುವುದೂ ಅಷ್ಟರಮಟ್ಟಿಗೆ ಕಷ್ಟ. ವಾಸ್ತವದಲ್ಲಿ ದೊಡ್ಡ ರಿಮ್ಮಿಗೆ ಲೋಹವೂ ಹೆಚ್ಚು ಬೇಕು. ಹಾಗಾಗಿ ವ್ಯತ್ಯಾಸ ಇನ್ನೂ ಹೆಚ್ಚು.

ಇನ್ನೊಂದು ತೊಡಕು ಹ್ಯಾಂಡಲ್‌ನದು. ಹ್ಯಾಂಡಲ್ ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ಮುಟ್ಟುವ ಜಾಗಕ್ಕೂ ಟೈರು ನೆಲ ಮುಟ್ಟುವ ಜಾಗಕ್ಕೂ ಒಂದಿಷ್ಟು ಅಂತರವಿರುತ್ತದೆ. ಇದಕ್ಕೆ ಟ್ರೇಲ್ ಎನ್ನುತ್ತಾರೆ. ಬೈಕು ನೇರವಾಗಿ ಓಡಲು ಈ ಅಂತರ ಬೇಕು, ಅತಿಯಾದರೆ ನಿಧಾನದ ಓಟದಲ್ಲಿ ಹ್ಯಾಂಡಲ್ ಭಾರವಾಗುತ್ತದೆ. ಚಕ್ರ ದೊಡ್ಡದಾದಂತೆ ಟ್ರೇಲ್ ಬೆಳೆಯುತ್ತದೆ. ಅದನ್ನು ಸರಿದೂಗಿಸಲು ಕುಶಲಕರ್ಮಿಗಳು ಚಾಸಿಯ ಕತ್ತನ್ನೇ ಕತ್ತರಿಸಿ, ಬೇರೆ ಕೋನದಲ್ಲಿ ಬೆಸೆದು, ಫೋರ್ಕ್ ಹಿಡಿಯುವ ಭಾಗವನ್ನೂ ಬದಲಿಸುತ್ತಾರೆ. ಚಕ್ರ ಬದಲಿಸಲು ಹೊರಟ ಕೆಲಸ ಬೈಕಿನ ಬೆನ್ನೆಲುಬನ್ನು ಮುಟ್ಟುವುದು ಹೀಗೆ.

ಕಡ್ಡಿಗಳಿಲ್ಲದ ತಟ್ಟೆ ಚಕ್ರದ ಸಮಸ್ಯೆ ಬೇರೆ. 1990ರಲ್ಲಿ ಬಂದ ಹಾರ್ಲೆ ಡೇವಿಡ್‌ಸನ್ ಫ್ಯಾಟ್ ಬಾಯ್ ಇದೇ ಚಕ್ರದಿಂದ ಪ್ರಸಿದ್ಧ. ಮರುವರ್ಷ ಬಂದ ‘ಟರ್ಮಿನೇಟರ್ 2’ ಸಿನಿಮಾ ಅದನ್ನು ಮನೆಮಾತಾಗಿಸಿತು. ಆದರೆ ಮುಚ್ಚಿದ ಮುಂಚಕ್ರಕ್ಕೆ ಅಡ್ಡಗಾಳಿ ಬಡಿದರೆ ಹ್ಯಾಂಡಲ್ ಎಳೆಯುತ್ತದೆ. ಹಗುರ ಬೈಕುಗಳಲ್ಲಿ ಈ ಎಳೆತ ಇನ್ನೂ ಹೆಚ್ಚು. ಹಬ್‌ರಹಿತ ಚಕ್ರಕ್ಕೆ ರಿಮ್ಮಿನಷ್ಟೇ ದೊಡ್ಡ ಬೇರಿಂಗ್ ಬೇಕು. ಅದನ್ನು ಮಣ್ಣು, ನೀರಿನಿಂದ ಕಾಪಾಡುವುದೇ ದೊಡ್ಡ ಸವಾಲು.

ಅದಕ್ಕೆ ಎಬಿಎಸ್ ಸೇರಿಸಿಕೊಳ್ಳಿ. 2019ರ ಏಪ್ರಿಲ್‌ನಿಂದ ಮಾರಾಟವಾಗುವ 125 ಸಿಸಿ ಮೀರಿದ ಎಲ್ಲ ಹೊಸ ಬೈಕ್‌ಗಳಿಗೆ ಇದು ಕಡ್ಡಾಯ. ಚಕ್ರ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂಬುದನ್ನು ಅಳೆದೇ ಎಬಿಎಸ್ ಬ್ರೇಕನ್ನು ಸಡಿಲಿಸುತ್ತದೆ. ಚಕ್ರದ ಅಳತೆ ಬದಲಾದರೆ ಅಥವಾ ಸೆನ್ಸರ್ ಉಂಗುರ ಸರಿಯಾಗಿ ಕೂರದಿದ್ದರೆ ಈ ಲೆಕ್ಕವೇ ತಪ್ಪುತ್ತದೆ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಗಳಿಗೆ ತಾಳೆಯಾಗದಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ.

ಸಿಕ್ಕು ಇರುವುದು ಇಲ್ಲೇ. ಆರ್‌ಸಿಯಲ್ಲಿ ಎರಡು ಚಕ್ರಗಳ ನಡುವಿನ ಅಂತರವಿದೆ, ಖಾಲಿ ವಾಹನದ ತೂಕವಿದೆ. ಆದರೆ ಬೈಕಿನ ರಿಮ್ ಯಾವ ಲೋಹದ್ದು, ಎಷ್ಟು ಭಾರ ಹೊರಬಲ್ಲದು ಎಂಬ ವಿವರವಿಲ್ಲ. ಕತ್ತು ಕತ್ತರಿಸಿ 30 ಇಂಚಿನ ಚಕ್ರ ಹಾಕಿದರೆ ಅಂತರ ಬದಲಾಗಿ ಉಲ್ಲಂಘನೆ ಕಾಗದದಲ್ಲೇ ಸಿಕ್ಕಿಬೀಳುತ್ತದೆ. ಅದೇ ಅಳತೆಯ ಕಳಪೆ ಎರಕದ ಅಲಾಯ್ ಚಕ್ರ ಹಾಕಿದರೆ ಆರ್‌ಸಿಯ ಯಾವ ಸಾಲೂ ಬದಲಾಗದು. ಕಣ್ಣಿಗೆ ಕಾಣುವ ಮಾರ್ಪಾಡು ಸಿಕ್ಕಿಬೀಳುತ್ತದೆ, ಲೋಹದೊಳಗಿನ ದೋಷ ದಾಟಿಹೋಗುತ್ತದೆ.

ಪೊಲೀಸರ ತಪಾಸಣೆಯೂ ಇದೇ ಜಾಡಿನದು. ಕರ್ಕಶ ಸೈಲೆನ್ಸರ್‌ಗಳನ್ನು ಕಿತ್ತು ರೋಡ್ ರೋಲರ್ ಹತ್ತಿಸುವ ದೃಶ್ಯ ಹಲವು ಊರುಗಳಲ್ಲಿ ಸುದ್ದಿಯಾಗಿದೆ. ಸೈಲೆನ್ಸರ್ ತಾನಾಗಿಯೇ ಸದ್ದು ಮಾಡಿ ಸಿಕ್ಕಿಕೊಳ್ಳುತ್ತದೆ. ಬಿರುಕು ಬಿಟ್ಟ ರಿಮ್ ಹಾಗಲ್ಲ, ರಸ್ತೆಗುಂಡಿಗೆ ಬಿದ್ದಾಗಲೇ ಅದು ಬಾಯಿ ಬಿಡುವುದು.

ರಿಮ್‌ಗಳಿಗೆ ಭಾರತೀಯ ಮಾನಕ ಬ್ಯೂರೋದ ಮಾನದಂಡಗಳಿವೆ. ಕೇಂದ್ರ ಸರ್ಕಾರ 2020ರಲ್ಲಿ ಗುಣಮಟ್ಟ ನಿಯಂತ್ರಣ ಆದೇಶವನ್ನೂ ಹೊರಡಿಸಿತು. ಇವು ಸಾವಿರಗಟ್ಟಲೆ ಚಕ್ರ ತಯಾರಿಸುವ ಕಾರ್ಖಾನೆಗೆ ಹೊಂದುವ ವ್ಯವಸ್ಥೆ. ಒಂದೇ ಬೈಕಿಗೆ ಎರಡೇ ಚಕ್ರ ಮಾಡುವವನ ಮಾತೇನು? ಬಾಗುವಿಕೆ, ಭಾರ, ಹೊಡೆತದ ಪರೀಕ್ಷೆಗಳಲ್ಲಿ ಮಾದರಿ ಚಕ್ರಗಳನ್ನು ದಣಿಸುತ್ತಾರೆ, ಜಜ್ಜುತ್ತಾರೆ. ಇರುವುದೇ ಎರಡಾದರೆ ಪರೀಕ್ಷೆ ಮುಗಿಯುವಷ್ಟರಲ್ಲಿ ಬೈಕಿಗೆ ಹಾಕಲು ಏನೂ ಉಳಿಯದು.

ವೇದಿಕೆಯಿಂದ ರಸ್ತೆಗೆ

ಹಾಗೆಂದು ಪ್ರದರ್ಶನದ ಚಕ್ರಗಳೆಲ್ಲ ವ್ಯರ್ಥ ಕಸರತ್ತಲ್ಲ. ಚೆನ್ನೈ ಮೂಲದ ರಾಯಲ್ ಎನ್‌ಫೀಲ್ಡ್ 2021ರ ನವೆಂಬರ್‌ನಲ್ಲಿ ಮಿಲಾನ್ ಪ್ರದರ್ಶನದಲ್ಲಿ ‘ಎಸ್‌ಜಿ650’ ಪರಿಕಲ್ಪನೆಯ ಬೈಕ್ ತೋರಿಸಿತು. ಅದರ ಚಕ್ರಗಳನ್ನು ಅಲ್ಯೂಮಿನಿಯಂ ಗಟ್ಟಿಯಿಂದ ಯಂತ್ರದಲ್ಲಿ ಕಡೆದು ತೆಗೆಯಲಾಗಿತ್ತು. ಅದೇ ಕಲ್ಪನೆ 2024ರ ಜನವರಿಯಲ್ಲಿ ಶಾಟ್‌ಗನ್ 650 ಆಗಿ ಮಾರುಕಟ್ಟೆಗೆ ಬಂದಾಗ ಕಡೆದ ಚಕ್ರಗಳಿರಲಿಲ್ಲ. ಮುಂದೆ 18, ಹಿಂದೆ 17 ಇಂಚಿನ ಎರಕದ ಅಲಾಯ್ ಚಕ್ರಗಳಿದ್ದವು. ವೇದಿಕೆಯ ಬೆಡಗು ರಸ್ತೆಯ ಶಿಸ್ತಿಗೆ ತಲೆಬಾಗಿತ್ತು.

ಹಬ್‌ರಹಿತ ಚಕ್ರದ ಕಥೆ ಇನ್ನೂ ದೀರ್ಘ. ವಿನ್ಯಾಸಕಾರ ಫ್ರಾಂಕೊ ಸ್ಬಾರೊ 1980ರ ದಶಕದ ಕೊನೆಗೇ ಅದನ್ನು ಜಿನೀವಾದಲ್ಲಿ ಪ್ರದರ್ಶಿಸಿದ್ದರು. ದಶಕಗಳ ಕಾಲ ಅದು ನೋಡುವ ವಸ್ತುವಾಗಿಯೇ ಉಳಿಯಿತು. ಈಗ ಫಿನ್ಲೆಂಡ್ ಮೂಲದ ವರ್ಜ್ ಕಂಪನಿ ಹಿಂಚಕ್ರದ ಅಂಚಿನೊಳಗೇ ವಿದ್ಯುತ್ ಮೋಟಾರ್ ಕೂರಿಸಿ ಬೈಕ್ ಮಾರುತ್ತಿದೆ. ಚೈನು, ಬೆಲ್ಟು ಬೇಡವಾದಾಗ ನಡುವಿನ ಖಾಲಿ ಜಾಗಕ್ಕೆ ಅರ್ಥ ಬಂತು.

ನಡುವಿನ ದಾರಿ ಇದೆಯೇ?

ಇತರ ದೇಶಗಳು ಈ ಕಂದಕಕ್ಕೆ ಸೇತುವೆ ಕಟ್ಟಿವೆ. ಜರ್ಮನಿಯಲ್ಲಿ ಬಿಡಿಭಾಗದ ತಯಾರಕರು ಅದನ್ನು ಪರೀಕ್ಷೆಗೊಳಪಡಿಸಿ ಪ್ರಮಾಣಪತ್ರ ಪಡೆಯುತ್ತಾರೆ. ಅಗತ್ಯವಿದ್ದಾಗ ಟಿಯುವಿಯಂಥ ಸಂಸ್ಥೆಯ ಎಂಜಿನಿಯರ್ ಬೈಕನ್ನು ನೋಡಿದ ಮೇಲೆ ಬದಲಾವಣೆ ವಾಹನದ ದಾಖಲೆಗೆ ಸೇರುತ್ತದೆ. ಬ್ರಿಟನ್ನಿನಲ್ಲಿ ಒಂಟಿಯಾಗಿ ಕಟ್ಟಿದ ಬೈಕುಗಳಿಗೇ ಪ್ರತ್ಯೇಕ ತಪಾಸಣೆಯಿದೆ. ಪಾಸಾದರೆ ರಸ್ತೆ, ಇಲ್ಲದಿದ್ದರೆ ಗ್ಯಾರೇಜು.

ಭಾರತದಲ್ಲಿ ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ಸಮರ್ಥ ಪರೀಕ್ಷಾ ಸಂಸ್ಥೆಗಳಿವೆ. ಸಣ್ಣ ತಯಾರಕರು ಎಟುಕುವ ಶುಲ್ಕದಲ್ಲಿ ಅಲ್ಲಿಗೆ ಹೋಗುವ ಬಾಗಿಲು ತೆರೆಯಬೇಕಿದೆ. ಮುರಿಯದೆಯೇ ಬಿರುಕು ಪತ್ತೆಹಚ್ಚುವ ಎಕ್ಸ್‌ರೇ ತಪಾಸಣೆ, ಒಮ್ಮೆ ಪರೀಕ್ಷಿಸಿದ ವಿನ್ಯಾಸಕ್ಕೆ ಪುನರ್ಬಳಕೆಯ ಅನುಮತಿ, ಪ್ರದರ್ಶನಕ್ಕೆ ಮಾತ್ರ ಮೀಸಲಾದ ಬೈಕಿಗೆ ಬೇರೆ ವರ್ಗ: ಇವು ಅಸಾಧ್ಯ ಬೇಡಿಕೆಗಳಲ್ಲ. ಕಾಯ್ದೆಯ 52ನೇ ಸೆಕ್ಷನ್ ಕೂಡ ನಿರ್ದಿಷ್ಟ ಉದ್ದೇಶದ ಮಾರ್ಪಾಡಿಗೆ ವಿನಾಯಿತಿ ನೀಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ.

ಅಲ್ಲಿಯವರೆಗೆ ಹೊರೆ ಸವಾರನ ಮೇಲೆಯೇ. ದೆಹಲಿಯ ಕರೋಲ್ ಬಾಗ್‌ನಲ್ಲಾಗಲಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಚಕ್ರ ಕೊಳ್ಳುವಾಗ ಮಾನಕದ ಗುರುತು, ತಯಾರಕರ ಹೆಸರು, ಹೊರುವ ಭಾರದ ಮಿತಿ ಅದರ ಮೇಲೆ ಅಚ್ಚಾಗಿದೆಯೇ ನೋಡಬೇಕು, ಬಿಲ್ಲು ಕೇಳಿ ಪಡೆಯಬೇಕು. ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸದಿದ್ದರೆ ಅಪಘಾತದ ನಂತರ ಪರಿಹಾರ ತಿರಸ್ಕೃತವಾಗಬಹುದು. ಸ್ನೇಹಿತರು ಫೋಟೊ ನೋಡಿ ಮೆಚ್ಚಿದ ಚಕ್ರ ಹಿಂದೆ ಕೂತವರ ಭಾರವನ್ನೂ ಹೊರಬೇಕು, ಮಳೆಗಾಲದ ಗುಂಡಿಯನ್ನೂ ತಾಳಬೇಕು.