ನೋಡಿದಾಕಿ ಮನ್ಯಾಗ, ನೋಡದಾಂವ ಡಾಕ್ಟರ್ ಮುಂದ

ಮನ್ಯಾಗ ಯಾರಿಗರೆ ಮೊದಲನೇ ಸಲ ಫಿಟ್ಸ್ ಬಂತಂದ್ರ, ದೊಡ್ಡ ಡಾಕ್ಟರ್ ಕಡೆ ಹೋಗೋ ದಿನ ನಮ್ಮ ಕಡೆ ಏನೇನು ತಯಾರಿ ಆಗ್ತದ ನೋಡ್ರಿ. ಫೈಲು ತಯಾರು, ಸ್ಕ್ಯಾನಿನ ದೊಡ್ಡ ಲಕೋಟಿ ತಯಾರು, ರೊಕ್ಕ ತಯಾರು, ಕಾರು ತಯಾರು. ಕಾರಿನ್ಯಾಗ ಯಾರು? ಅಪ್ಪ, ಕಾಕಾ, ಭಾಳಂದ್ರ ಇನ್ನೊಬ್ಬ ಅಳಿಯ. ಫಿಟ್ಸ್ ಬಂದಾಗ ಪಕ್ಕದಾಗಿದ್ದು ಕಣ್ಣಾರೆ ನೋಡಿದಾಕಿ ಮಾತ್ರ ಮನ್ಯಾಗ ಭಕ್ರಿ ಬಡಕೋತ ಕೂತಿರ್ತಾಳ. ಇದು ಎಂಥಾ ನ್ಯಾಯಾರಿ?

ಜ್ವರಾ ಬಂದ್ರ ಥರ್ಮಾಮೀಟರ್ ಹೇಳ್ತದ, ಶುಗರ್ ಇದ್ರ ರಕ್ತ ಹೇಳ್ತದ. ಫಿಟ್ಸ್ ಹಂಗಲ್ಲ. ಸಾಮಾನ್ಯವಾಗಿ ಒಂದೆರಡು ನಿಮಿಷದಾಗ ತಾನಾಗೇ ನಿಂತುಬಿಡ್ತದ. (ಅದಕ್ಕೇ ಕೈಯಾಗ ಹಿಡಿಸಿದ ಕೀಲಿಕೈಗೂ, ಮೂಗಿಗೆ ಹಿಡಿದ ಉಳ್ಳಾಗಡ್ಡಿಗೂ ಪುಕ್ಕಟ ಹೆಸರು ಬಂದದ.) ಬಂದಾಂವಗ ಭಾಳ ಸಲ ಏನೂ ನೆನಪಿರೂದಿಲ್ಲ. ಡಾಕ್ಟರ್ ನೋಡೋ ಹೊತ್ತಿಗೆ ನೆಟ್ಟಗ ಕೂತಿರ್ತಾನ. ಮತ್ತ ಸಾಕ್ಷಿ ಯಾರು? ನೋಡಿದವರ ಹೊರತು ಯಾರೂ ಇಲ್ಲ.

"ಈಗ ಮಷೀನು ಬಂದಾವಲ್ಲ, ಎಲ್ಲಾ ಅದರಾಗ ಗೊತ್ತಾಗ್ತದ" ಅಂತಾರ ಗಂಡಸರು. ಎಂಆರ್‌ಐ ಮಿದುಳಿನ ಚಿತ್ರಾ ತಗೀತದ, ಅವತ್ತಿನ ಆ ಎರಡು ನಿಮಿಷದ ಚಿತ್ರಾ ತಗಿಯೂದಿಲ್ಲ. ಇಇಜಿ ಮಾಡಿದಾಗ ಆ ಅರ್ಧ ತಾಸಿನ ಲೆಕ್ಕಾ ಅಷ್ಟೇ ಬರ್ತದ. ಅಪಸ್ಮಾರ ಇದ್ದವರಿಗೂ ಅದು ನಾರ್ಮಲ್ ಬರಬಹುದು. ಬರೇ ಚಕ್ಕರ್ ಬಂದು ಬಿದ್ದವರಿಗೂ ಕೈಕಾಲು ಸ್ವಲ್ಪ ಜಗ್ಗತಾವ. ಎರಡರಾಗ ಇದು ಯಾವುದು ಅಂತ ಡಾಕ್ಟರ್ ತಿಳಕೊಳ್ಳೋದು ಮೊದಲು ಮಾತಿನಿಂದ.

ನನ್ನ ತಂಗಿ ಮಗಗ 17 ವರ್ಷ. ಪರೀಕ್ಷಾ ಅಂತ ರಾತ್ರಿ ನಿದ್ದಿಗೆಟ್ಟು ಓದಿ, ಬೆಳಿಗ್ಗೆ ಅಡಗಿಮನ್ಯಾಗ ಬಿದ್ದ. ನೋಡಿದಾಕಿ ನನ್ನ ತಂಗಿ. ಡಾಕ್ಟರ್ ಕಡೆ ಹೋದವರು ಅವರಪ್ಪ ಮತ್ತ ಕಾಕಾ. "ಎಷ್ಟು ಹೊತ್ತು ಬಂದಿತ್ತು?" ಅಂದ್ರ "ಹತ್ತು ನಿಮಿಷ ಇರಬೇಕ್ರಿ." "ಮೊದಲು ಯಾವ ಕಡೆ ಜಗ್ಗಿತು?" ಅಂದ್ರ "ಮನ್ಯಾಗ ಹೆಣ್ಣುಮಕ್ಕಳು ನೋಡ್ಯಾರ್ರಿ." ಗುಳಿಗಿ ಬರಿಸಿಕೊಂಡು ಬಂದ್ರು. ಮೂರು ನಾಲ್ಕು ತಿಂಗಳಿಂದ ಆ ಹುಡುಗಗ ಬೆಳಿಗ್ಗೆ ಎದ್ದಕೂಡ್ಲೇ ಕೈ ಝಟ್ ಅಂತ ಜಗ್ಗಿ ಚಾದ ಕಪ್ಪು ಬೀಳ್ತಿತ್ತು. ಅದು ಗೊತ್ತಿದ್ದದ್ದು ಕಪ್ಪು ಬಳದಾಕಿಗೆ. ಮುಂದಿನ ಸಲ ಆಕಿ ಹೋಗಿ ಹೇಳಿದ್ಲು. ಡಾಕ್ಟರ್ ಗುಳಿಗಿನ ಬದಲು ಮಾಡಿದ್ರು. ಒಂದು ತರದ ಫಿಟ್ಸಿಗೆ ಚಲೋ ಇರೋ ಗುಳಿಗಿ ಇನ್ನೊಂದು ತರದ್ದನ್ನ ಹೆಚ್ಚು ಮಾಡಬಹುದಂತ.

"ಹೆಣ್ಣುಮಕ್ಕಳು ಹೆದರಿ ಒಂದಕ್ಕ ಎರಡು ಹೇಳ್ತಾರ" ಅನ್ನೋ ಮಾತೂ ಕೇಳೀನಿ. ಹಂಗಾರ ಅವತ್ತೇ ಬರದಿಡ್ರಿ, ನಾಲ್ಕು ದಿನಾ ಬಿಟ್ಟು ನೆನಪು ಮಾಡಿಕೋಬ್ಯಾಡ್ರಿ. ಎಷ್ಟು ಗಂಟೆಗೆ? ಏನು ಮಾಡ್ತಿದ್ದ? ಕಣ್ಣು ತೆರೆದಿದ್ದೂವೋ ಮುಚ್ಚಿದ್ದೂವೋ? ಕುತ್ತಿಗಿ ಯಾವ ಕಡೆ ಹೊರಳಿತ್ತು? ನಾಲಿಗಿ ಕಚ್ಚಿಕೊಂಡಿದ್ದನೇನು? ಬಟ್ಟಿ ತೊಯ್ದಿತ್ತೇನು? ನಮ್ಮ ಗುರ್ತು ಹಿಡೀಲಿಕ್ಕೆ ಎಷ್ಟು ಹೊತ್ತಾತು? ಹಿಂದಿನ ದಿನ ನಿದ್ದಿ, ಊಟ, ಜ್ವರಾ, ಕುಡಿಯೋದು, ಬ್ಯಾರೆ ಗುಳಿಗಿ, ಎಲ್ಲಾ ಬರೀರಿ. ಸಣ್ಣಂದಿರತ್ಲೆ ತಲಿಗೆ ಪೆಟ್ಟು ಬಿದ್ದಿದ್ರ ಅದೂ. ಇನ್ನೊಮ್ಮೆ ಬಂದ್ರ ಮೊದಲು ಮಗ್ಗಲಾಗಿ ಮಲಗಸ್ರಿ, ಬಾಯಾಗ ಏನೂ ತುರುಕಬ್ಯಾಡ್ರಿ, ಗಡಿಯಾರ ನೋಡ್ರಿ, ಒಬ್ಬರು ಮೊಬೈಲಿನ್ಯಾಗ ವಿಡಿಯೋ ಮಾಡ್ರಿ. 5 ನಿಮಿಷ ದಾಟಿದ್ರ 108ಕ್ಕ ಫೋನ್ ಹಚ್ಚರಿ. ಇಇಜಿ ಇದ್ದ ದಿನ ತಲಿಗೆ ಎಣ್ಣಿ ಹಚ್ಚದ, ತೊಳಕೊಂಡು ಹೋಗ್ರಿ. ಅಲ್ಲೀ ತನಕ ಗಾಡಿ ಹೊಡಿಯೋದು ಬ್ಯಾಡ, ಬಚ್ಚಲಮನಿ ಚಿಲಕಾ ಹಾಕೋದು ಬ್ಯಾಡ. ಹಾಸ್ಟೆಲ್ಲಿನ್ಯಾಗ ಬಂದಿದ್ರ ರೂಮಿನ ಗೆಳ್ಯಾನ ನಂಬರ್ ತಗೊಂಡು ಹೋಗಿ, ಡಾಕ್ಟರ್ ಮುಂದನ ಅಂವಗ ಫೋನ್ ಹಚ್ಚಿ ಕೊಡ್ರಿ.

ಹುಡುಗಿಗೆ ಬಂದ್ರಂತೂ ಬಾಯಿ ಮುಚ್ಚಸೋದೇ ಮೊದಲನೇ ತಯಾರಿ. "ಲಗ್ನಾ ಆಗಬೇಕು, ಡಾಕ್ಟರ್ ಮುಂದ ಭಾಳ ಹೇಳಬ್ಯಾಡ, ಚಕ್ಕರ್ ಬಂತು ಅನ್ನು." 1955ರ ಹಿಂದೂ ವಿವಾಹ ಕಾಯ್ದೆಯೊಳಗಿದ್ದ ಅಪಸ್ಮಾರದ ಮಾತನ್ನ ಸರ್ಕಾರನ 1999ರಾಗ ತಗದು ಹಾಕ್ಯದ. ನಮ್ಮ ಪಡಸಾಲ್ಯಾಗಿಂದ ಇನ್ನೂ ತಗದಿಲ್ಲ. ಒಂದು ಸಲ ಫಿಟ್ಸ್ ಬಂದಕೂಡ್ಲೇ ಅಪಸ್ಮಾರ ಅಂತೂ ಅಲ್ಲ. ಶುಗರ್ ಇಳಿದ್ರೂ ಬರ್ತದ, ರಕ್ತದಾಗಿನ ಸೋಡಿಯಂ ಇಳಿದ್ರೂ ಬರ್ತದ, ತೊಳೀದ ಕಾಯಿಪಲ್ಯಾದಿಂದ ಹೊಟ್ಟಿಗೆ ಹೋದ ಲಾಡಿಹುಳದ ತತ್ತಿ ಒಡೆದು ಅದರ ಮರಿ ಮಿದುಳಿಗೆ ಮುಟ್ಟಿದ್ರೂ ಬರ್ತದ. ಡಾಕ್ಟರ್ ಮುಂದ ಸುಳ್ಳು ಹೇಳಿದ್ರ ಇದನ್ನೆಲ್ಲಾ ಹುಡುಕವರು ಯಾರು?

ಗಂಡಸರಿಗೆ ಬರಬ್ಯಾಡ್ರಿ ಅಂತ ನಾ ಹೇಳೂದಿಲ್ಲ. ಚೀಟಿ ಮಾಡಸ್ರಿ, ರೊಕ್ಕಾ ಕಟ್ಟರಿ, ಸಾಲಿನ್ಯಾಗ ನಿಂದರ್ರಿ. ಆದ್ರ ಡಾಕ್ಟರ್ ಮುಂದಿನ ಕುರ್ಚಿ ನೋಡಿದವರಿಗೆ ಬಿಡ್ರಿ. ಆಕಿ ಮಾತಾಡೋವಾಗ ನಡುವ ಬಾಯಿ ಹಾಕಬ್ಯಾಡ್ರಿ.

ಅಕ್ಕಾರ, ತಂಗೀರ, ನಿಮಗೂ ಒಂದು ಮಾತು. "ಅಡಗಿ ಯಾರು ಮಾಡಬೇಕು" ಅಂತ ಯಾರರೆ ಅಂದ್ರ, ಮನ್ಯಾಗ ಅವಲಕ್ಕಿ ಅದ, ಮಸರದ, ಒಂದಿನ ಕಲಸಿಕೊಂಡು ತಿಂತಾರ. ನೀವು ಬರದಿಟ್ಟ ಹಾಳಿ ತಗೊಂಡು ಮೊದಲು ಗಾಡ್ಯಾಗ ಕೂಡ್ರಿ.