ಮರಕ್ಕೂ ಜಾತಿ ಕೊಟ್ಟವರಿಗೆ



ನಮ್ಮೂರಿಗೆ ರಸ್ತೆ ಬರುತ್ತಿದೆ. ಬರಲಿ. ಹೆರಿಗೆ ನೋವು ಬಂದ ಅಕ್ಕಂದಿರನ್ನು ಮಳೆಗಾಲದ ಕೆಸರಲ್ಲಿ ಮಂಚದ ಮೇಲೆ ಹೊತ್ತು ಮೇನ್ ರೋಡು ಮುಟ್ಟಿಸಿದ ಹೆಗಲು ನಮ್ಮವು. ರಸ್ತೆ ಬೇಡ ಅನ್ನೋಕೆ ನಮಗೇನು ಹುಚ್ಚೆ? ಆದರೆ ರಸ್ತೆಯ ಜೊತೆಗೆ ಒಂದು ಕೊಡಲಿಯೂ ಬಂದಿದೆ. ಆ ಕೊಡಲಿಗೆ ನಮ್ಮ ಕೇರಿಯ ಹುಣಸೆಮರವೇ ಬೇಕಂತೆ.

ಈ ರಸ್ತೆ ಊರೊಳಗಿಂದ ಬರುತ್ತದೆ. ಅಲ್ಲಿ ನಟ್ಟನಡುವೆ ಅರಳಿಕಟ್ಟೆ. ಇಂಜಿನಿಯರ್ ಸಾಹೇಬರು ನೋಡಿದರು, ಕೈ ಮುಗಿದರು, ನಕ್ಷೆಯಲ್ಲಿ ರಸ್ತೆಯನ್ನು ಬಳಸಿಕೊಂಡು ಹೋಗುವಂತೆ ಬಗ್ಗಿಸಿದರು. ಒಳ್ಳೆಯದೇ ಆಯಿತು. ಮರ ಉಳಿಯಿತು. ಅದೇ ರಸ್ತೆ ಕೇರಿಗೆ ಬಂತು. ಹುಣಸೆಮರ ಅಡ್ಡ ಬಂತು. ಇಲ್ಲಿ ಮಾತ್ರ ರಸ್ತೆ ಬಗ್ಗಲಿಲ್ಲ. "ಅದು ದೇವರ ಮರ ಕಣ್ರಪ್ಪ, ಇದು ದೆವ್ವದ ಮರ. ಕಡ್ದಾಕಿ" ಅಂದರು ಊರ ಯಜಮಾನರು.

ದೆವ್ವ! ಆ ಮರದ ಬುಡದಲ್ಲೇ ನಮ್ಮ ಅವ್ವಂದಿರು ಹಣ್ಣು ಬಡಿದು, ನಾರು ತೆಗೆದು, ಬೀಜ ಬಿಡಿಸಿ ಬೇಸಗೆಯ ಕೂಳು ಸಂಪಾದಿಸಿದರು. ಅದರ ಚಿಗುರು ನಮ್ಮ ಸಾರಿಗೆ ಹುಳಿಯಾಯಿತು. ಅದರ ಕೊಂಬೆಗೆ ಲಾಟೀನು ಕಟ್ಟಿದ ರಾತ್ರಿ ಶಾಲೆಯಲ್ಲಿ ನಮ್ಮ ಅಪ್ಪಂದಿರು ಹೆಬ್ಬೆಟ್ಟು ಬಿಟ್ಟು ರುಜು ಕಲಿತರು. ಕೇರಿಯಲ್ಲಿ ಮೊದಲು ಬಿ.ಎ. ಮಾಡಿದ ನಾವು ಪರೀಕ್ಷೆಗೆ ಓದಿದ್ದೂ ಅಲ್ಲೇ. ಇಷ್ಟು ವರ್ಷದಲ್ಲಿ ಒಂದು ದೆವ್ವವೂ ನಮ್ಮನ್ನು ಹೆದರಿಸಲಿಲ್ಲ. ಹೆದರಿಸಿದವರೆಲ್ಲ ಮನುಷ್ಯರೇ.

ಈಗ ನಮ್ಮ ಹುಡುಗರ ಮಾತಿಗೆ ಬರೋಣ. "ಹಂಗಾದ್ರೆ ಅರಳೀನೂ ಉರುಳ್ಲಿ" ಅನ್ನುತ್ತಾರೆ ಅವರು. ಈ ಸಿಟ್ಟು ಸುಳ್ಳಲ್ಲ. ಆ ಕಟ್ಟೆಯ ಮುಂದೆ ನಮ್ಮ ತಾತಂದಿರು ತಲೆವಸ್ತ್ರ ತೆಗೆದು ಕಂಕುಳಲ್ಲಿಟ್ಟುಕೊಂಡು, ಬಿಸಿಲಲ್ಲಿ ನಿಂತು, ಮಾಡದ ತಪ್ಪಿಗೆ ದಂಡ ಕಟ್ಟಿದ್ದಾರೆ. ಆದರೆ ದಂಡ ಹಾಕಿದ್ದು ಅರಳಿಯಲ್ಲ, ಅದರ ನೆರಳಲ್ಲಿ ಕೂತವರು. ಮರ ಕಡಿದರೆ ಅವರು ಇನ್ನೊಂದು ನೆರಳು ನೋಡಿಕೊಳ್ಳುತ್ತಾರೆ. ನಾವು ಅರಳಿಯನ್ನು ಕಡಿಯುವುದಿಲ್ಲ. ನಾವು ಹೋಗಿ ಆ ಕಟ್ಟೆಯ ಮೇಲೆ ಕೂರುತ್ತೇವೆ. ಕೊಡಲಿಗಿಂತ ಅದೇ ಅವರಿಗೆ ಜಾಸ್ತಿ ನೋಯುತ್ತದೆ.

"ಒಂದಕ್ಕೆ ಹತ್ತು ಸಸಿ ನೆಡ್ತೀವಿ ಬಿಡ್ರಯ್ಯ" ಅನ್ನುತ್ತಾನೆ ಗುತ್ತಿಗೆದಾರ. ಬೀಜದಿಂದ ಬಂದ ಹುಣಸೆ ಹಣ್ಣು ಕೊಡಲು ಎಂಟು ಹತ್ತು ವರ್ಷ ಬೇಕು. ಅಲ್ಲಿವರೆಗೆ ನಮ್ಮ ಅವ್ವಂದಿರು ಏನು ಬಡಿಯಬೇಕು, ಎದೆಯನ್ನೇ? ಅದೂ ಹೋಗಲಿ, ಹತ್ತು ಸಸಿಯನ್ನು ಎಲ್ಲಿ ನೆಡುತ್ತೀರಿ? ಮನೆ ಮೇಲೆ ಮನೆ ಬಿದ್ದಿರುವ ಕೇರಿಯಲ್ಲಿ ಸತ್ತವರನ್ನು ಹೂಳೋಕೂ ಜಾಗ ಇಲ್ಲ. ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ ಅನ್ನೋದು ನಮ್ಮ ಹಿರೀಕರ ಮಾತು. ನಮ್ಮ ಮರ ಇನ್ನೂ ಕಾಯುತ್ತಿದೆ, ಇನ್ನೂ ಸಾಕುತ್ತಿದೆ.

1976ರಲ್ಲೇ ಈ ರಾಜ್ಯದಲ್ಲಿ ವೃಕ್ಷ ಸಂರಕ್ಷಣಾ ಕಾಯ್ದೆ ಬಂದಿದೆ. ಮರ ಕಡಿಯಲು ಅರ್ಜಿ ಹಾಕಬೇಕು, ವೃಕ್ಷ ಅಧಿಕಾರಿ ನೋಡಬೇಕು, ಆದೇಶ ಕೊಡಬೇಕು. "ಆದೇಶ ತೋರಿಸಿ ಸ್ವಾಮಿ" ಅಂದೆವು. ಗುತ್ತಿಗೆದಾರ ಮೊಬೈಲು ತೋರಿಸಿದ, "ಮೇಲಿನೋರು ಹೇಳವ್ರೆ" ಅಂದ. ನಮ್ಮ ಮೇಲೆ ಯಾವತ್ತೂ ಬರೀ 'ಮೇಲಿನೋರ' ಬಾಯಿಮಾತೇ ಕಾನೂನಾಗಿದೆ. ಕೇರಿಯ ಹಿರಿಯರೊಬ್ಬರಿಂದ ಒಪ್ಪಿಗೆ ಬರೆಸಿಕೊಂಡಿದ್ದಾನಂತೆ. ಅವರ ಸಾಲ ಎಷ್ಟು, ಕೈಗೆ ಬಂದದ್ದೆಷ್ಟು ಅನ್ನೋದು ನಮಗೆ ಗೊತ್ತು. ಅವರನ್ನು ನಾವು ಬೈಯೋದಿಲ್ಲ. ಹಸಿದವನ ಹೆಬ್ಬೆಟ್ಟು ಕೇರಿಯ ಒಪ್ಪಿಗೆಯಾಗೋದಿಲ್ಲ, ಅಷ್ಟೇ.

ರಸ್ತೆ ಬಗ್ಗೋದಿಲ್ಲ ಅನ್ನೋದೂ ಸುಳ್ಳು. ಮಾಗಡಿ ತಾಲೂಕಿನ ಹುಲಿಕಲ್‌ನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಕೂಲಿ ಮಾಡುತ್ತಿದ್ದ ತಿಮ್ಮಕ್ಕಜ್ಜಿ, ಗಂಡ ಚಿಕ್ಕಯ್ಯನ ಜೊತೆ ಬಿಂದಿಗೆಯಲ್ಲಿ ನೀರು ಹೊತ್ತು 385 ಆಲದ ಮರ ಬೆಳೆಸಿದಳು. ಆ ಅಕ್ಷರ ಬಾರದ ಅಜ್ಜಿಗೆ 2019ರಲ್ಲಿ ಪದ್ಮಶ್ರೀ ಕೊಟ್ಟರು. ಅದೇ ವರ್ಷ ರಸ್ತೆ ಅಗಲ ಮಾಡುವ ನೆಪದಲ್ಲಿ ಆ ಮರಗಳ ಬುಡಕ್ಕೇ ಕೊಡಲಿ ಬರುವುದಿತ್ತು! ಅಜ್ಜಿ ಮುಖ್ಯಮಂತ್ರಿಯವರೆಗೆ ಹೋಗಿ ಕೇಳಿದ ಮೇಲೆ ಮರ ಉಳಿಸುವ ಭರವಸೆ ಸಿಕ್ಕಿತು. 2025ರ ನವೆಂಬರಿನಲ್ಲಿ ಅಜ್ಜಿ ತೀರಿಕೊಂಡಾಗ ಹಾರ ಹಾಕಿದವರ ಸಾಲು ದೊಡ್ಡದಿತ್ತು. ಅಜ್ಜಿಯ ಫೋಟೋಕ್ಕೆ ಹಾರ, ನಮ್ಮ ಹುಣಸೆಗೆ ಕೊಡಲಿ. ಇದ್ಯಾವ ನ್ಯಾಯ?

1917ರಲ್ಲಿ ಬರೋಡಾದಲ್ಲಿ ಜಾತಿಯ ಕಾರಣಕ್ಕೆ ಇಳಿದುಕೊಳ್ಳಲು ಒಂದು ಸೂರು ಸಿಗದೆ, ವಿದೇಶದಲ್ಲಿ ಓದಿ ಬಂದ ಬಾಬಾಸಾಹೇಬರು ಗಂಟೆಗಟ್ಟಲೆ ಕೂತದ್ದು ಕಮಾಠಿ ಬಾಗ್ ಎಂಬ ತೋಟದಲ್ಲಿ. ಮನುಷ್ಯರು ಬಾಗಿಲು ಹಾಕಿದಾಗ ಹೊರಗಿನ ಜಾಗವೇ ಜಾಗ ಕೊಟ್ಟಿತು. ನೆರಳಿನ ಬೆಲೆ ಬಿಸಿಲಲ್ಲಿ ನಿಂತವರಿಗೆ ಗೊತ್ತು.

ಕೊನೆಗೆ ಒಂದು ಲೆಕ್ಕ. ಹುಣಸೆಮರದ ಎದುರಿಗೆ, ದಾರಿಯ ಆ ಕಡೆ, ಯಜಮಾನರ ತೆಂಗಿನ ತೋಟದ ಬೇಲಿ ಇದೆ. ಗ್ರಾಮನಕಾಶೆಯಲ್ಲಿ ಅಲ್ಲಿ ಅಗಲವಾದ ಬಂಡಿದಾರಿ ಇದೆ. ನೆಲದ ಮೇಲೆ ಅದರಲ್ಲಿ ಎಂಟಡಿ ಬೇಲಿಯ ಒಳಗೆ ಹೋಗಿದೆ. ಬೇಲಿ ಎಂಟಡಿ ಹಿಂದೆ ಸರಿದರೆ ರಸ್ತೆ ನೇರವಾಗಿ ಹೋಗುತ್ತದೆ, ಮರವೂ ಉಳಿಯುತ್ತದೆ, ಆಂಬುಲೆನ್ಸೂ ಬರುತ್ತದೆ. ಜಗಳ ಮರಕ್ಕೂ ರಸ್ತೆಗೂ ಅಲ್ಲ. ಮರಕ್ಕೂ ಬೇಲಿಗೂ. ಆ ಬೇಲಿಯ ಮಾತು ಯಾರ ಬಾಯಲ್ಲೂ ಬರಬಾರದು ಅಂತಲೇ ಇಷ್ಟೆಲ್ಲ ದೆವ್ವದ ಕಥೆ.

ಅದಕ್ಕೇ ನಾವು ಕೇಳುತ್ತಿರುವುದು ಕರುಣೆಯಲ್ಲ, ಅಳತೆ. ಸರ್ವೆಯರು ಬರಲಿ, ಚೈನು ಹಿಡಿಯಲಿ, ಊರೂ ಕೇರಿಯೂ ಒಟ್ಟಿಗೆ ನಿಂತು ನೋಡಲಿ. ಅಲ್ಲಿವರೆಗೆ ನಮ್ಮ ಸರದಿ ಮರದ ಬುಡದಲ್ಲಿ, ಹಗಲು ಹೆಂಗಸರು, ರಾತ್ರಿ ಗಂಡಸರು. ಊರೂರಿನ ಮೇಷ್ಟ್ರುಗಳೆ, ಕಾಲೇಜು ಹುಡುಗ ಹುಡುಗಿಯರೆ, ನಿಮ್ಮ ಊರಿನ ನಕಾಶೆಯನ್ನೂ ಒಮ್ಮೆ ತೆಗೆಸಿ ನೋಡಿ. ಯಾವ ಬೇಲಿ ಎಷ್ಟಡಿ ನಡೆದು ಬಂದಿದೆ ಅಂತ ಬರೆದು ಕಳಿಸಿ. ಆಮೇಲೆ ನಮ್ಮೂರಿಗೆ ಬನ್ನಿ. ಹುಣಸೆಮರದ ಕೆಳಗೆ ಕೂತು ಮಾತಾಡೋಣ. ಅಲ್ಲಿಂದ ಎದ್ದು, ಎಲ್ಲರೂ ಸೇರಿ, ಅರಳಿಕಟ್ಟೆಗೂ ಹೋಗೋಣ.