ಚಳಿನಾಡಿನ ದ್ರಾಕ್ಷಿತೋಟವೂ ಕನಕಗಿರಿಯ ಮಸಾರಿ ಭೂಮಿಯೂ

ಕಳೆದ ಹಸ್ತ ಮಳೆಯ ಹೊತ್ತಿನಲ್ಲಿ ಕನಕಗಿರಿ ಕಡೆಯ ರೈತರೊಬ್ಬರು ನನ್ನಲ್ಲಿಗೆ ಬಂದಿದ್ದರು. ಅವರ ಮೊಬೈಲಿನಲ್ಲಿ ಜರ್ಮನಿ ದೇಶದ ಮೊಸೆಲ್ ನದಿ ದಂಡೆಯ ದ್ರಾಕ್ಷಿತೋಟಗಳ ಚಿತ್ರವಿತ್ತು. ನಿಂತರೆ ಕಾಲು ಜಾರುವಂತಹ ಗುಡ್ಡ, ನೆಲವೆಲ್ಲ ಕರಿ ಹಲಗೆಕಲ್ಲಿನ ಚೂರು, ಅದರ ನಡುವೆ ಒಂದೊಂದು ಗೂಟಕ್ಕೆ ಕಟ್ಟಿದ ಒಂದೊಂದು ಬಳ್ಳಿ. "ಅವರು ಕಲ್ಲಿನ ಗುಡ್ಡದಾಗ ಬೆಳೀತಾರಂದ್ರ ನಮ್ಮ ಗುಡ್ಡಕ್ಕೇನು ಕಡಿಮಿ ಆಗೇತಿ ಸಾಹೇಬರ? ನಾಲ್ಕು ಎಕರೆ ಮರಡಿ ಖಾಲಿ ಬಿದ್ದೈತಿ. ಅದೇ ತಳಿ ತರಿಸಿ ವೈನಿಗೆ ಹಚ್ಚಿದರ ಹೆಂಗ?" ಎಂದು ಕೇಳಿದರು.

ಪ್ರಶ್ನೆ ನಗುವಂಥದ್ದಲ್ಲ. ಕುಷ್ಟಗಿ, ಕನಕಗಿರಿ, ಕೊಪ್ಪಳದ ಸುತ್ತಮುತ್ತ ತಿನ್ನುವ ದ್ರಾಕ್ಷಿಯನ್ನು ಚೆನ್ನಾಗಿ ಬೆಳೆಯುವ ರೈತರಿದ್ದಾರೆ. ನಮ್ಮ ಜಿಲ್ಲೆಯಲ್ಲಿಯೇ 'ಹಂಪಿ ಹಿಲ್ಸ್' ಎಂಬ ಹೆಸರಿನಲ್ಲಿ ಕ್ರಸ್ಮಾ ಎಸ್ಟೇಟ್ಸ್ ಸಂಸ್ಥೆಯು ಕ್ಯಾಬರ್ನೆ ಸೋವಿಗ್ನಾನ್ ಮೊದಲಾದ ವೈನ್ ತಳಿಗಳನ್ನು ಬೆಳೆದು ತೋರಿಸಿದೆ. ಆದುದರಿಂದ ಈ ಬಿಸಿಲುಸೀಮೆಯಲ್ಲಿ ವೈನ್ ದ್ರಾಕ್ಷಿ ಬರುವುದೇ ಇಲ್ಲವೆಂದು ಹೇಳುವಂತಿಲ್ಲ. ಆದರೆ ಚಳಿನಾಡಿನ ಪದ್ಧತಿಯನ್ನು ಹಾಗೆಯೇ ಎತ್ತಿ ತಂದು ಇಲ್ಲಿ ಇಟ್ಟರೆ ರೈತ ಕೆಡುತ್ತಾನೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅಲ್ಲಿನವರು ಏನು ಮಾಡುತ್ತಾರೆ ಎಂಬುದಕ್ಕಿಂತ ಏಕೆ ಹಾಗೆ ಮಾಡುತ್ತಾರೆ ಎಂಬುದನ್ನು ಮೊದಲು ತಿಳಿಯಬೇಕು.

ಮೊಸೆಲ್ ಕಣಿವೆಯು ಭೂಮಧ್ಯರೇಖೆಯಿಂದ ಸುಮಾರು 50 ಡಿಗ್ರಿ ಉತ್ತರಕ್ಕಿದೆ. ನಾವಿರುವುದು 15-16 ಡಿಗ್ರಿಯಲ್ಲಿ. ಅಲ್ಲಿ ಬಳ್ಳಿಗೆ ಸಿಗದಿರುವ ವಸ್ತುವೆಂದರೆ ಬಿಸಿಲು. ಆ ಬಿಸಿಲನ್ನು ಹಿಡಿಯಲೆಂದೇ ದಕ್ಷಿಣಕ್ಕೆ ಮುಖಮಾಡಿದ ಇಳಿಜಾರನ್ನು ಆರಿಸುತ್ತಾರೆ. ಹಗಲು ಕಾದ ಕರಿಕಲ್ಲು ರಾತ್ರಿ ಬಳ್ಳಿಯ ಬುಡಕ್ಕೆ ಬಿಸಿ ಕೊಡುತ್ತದೆ. ನದಿಯ ನೀರಿನ ಮೇಲೆ ಬಿದ್ದ ಬೆಳಕು ಕೂಡ ತೋಟಕ್ಕೆ ಹಾಯುತ್ತದೆ. ಗುಡ್ಡ ಹತ್ತುವುದು ಅವರ ಹವ್ಯಾಸವಲ್ಲ, ಅನಿವಾರ್ಯ. ವಸಂತದಲ್ಲಿ ಚಿಗುರು ಬಂದ ಮೇಲೆ ಹಿಮಗಾಳಿ ಬೀಸಿದರೆ ಒಂದೇ ರಾತ್ರಿಯಲ್ಲಿ ವರ್ಷದ ಬೆಳೆ ಹೋಯಿತು. 2021ರ ಏಪ್ರಿಲ್ ತಿಂಗಳಲ್ಲಿ ಫ್ರಾನ್ಸಿನ ರೈತರು ಸಾಲುಸಾಲಿಗೆ ದೊಡ್ಡ ಮೇಣದ ಬತ್ತಿಗಳನ್ನು ಹಚ್ಚಿ ರಾತ್ರಿಯಿಡೀ ಕಾದರೂ ಬಹಳಷ್ಟು ತೋಟಗಳ ಚಿಗುರು ಕರಕಾಯಿತು.

ಕನಕಗಿರಿಯ ಮರಡಿಯಲ್ಲಿ ಇದರ ತದ್ವಿರುದ್ಧ. ಬಿಸಿಲು ಬೇಡವೆಂದರೂ ಬರುತ್ತದೆ. ಸಿಗದಿರುವುದು ತಂಪು.

ಹಾಗಾದರೆ ತಂಪಿನಿಂದ ಆಗುವ ಉಪಕಾರವೇನು? ಕಾಯಿ ಮೆತ್ತಗಾಗಿ ಬಣ್ಣ ತಿರುಗಿದ ದಿನದಿಂದ ಕೊಯ್ಲಿನವರೆಗೆ ಹಣ್ಣಿನಲ್ಲಿ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ದ್ರಾಕ್ಷಿಯ ಹುಳಿಯಲ್ಲಿ ಟಾರ್ಟಾರಿಕ್ ಮತ್ತು ಮ್ಯಾಲಿಕ್ ಎಂಬ ಎರಡು ಆಮ್ಲಗಳು ಮುಖ್ಯ. ಮೊದಲನೆಯದು ಸುಲಭವಾಗಿ ಕರಗುವುದಿಲ್ಲ. ಎರಡನೆಯದನ್ನು ಹಣ್ಣು ಉಸಿರಾಟಕ್ಕೆ ಸೌದೆಯಂತೆ ಸುಟ್ಟುಕೊಳ್ಳುತ್ತದೆ. ಸೆಕೆ ಹೆಚ್ಚಿದಷ್ಟೂ ಸುಡುವ ವೇಗ ಹೆಚ್ಚು. ರಾತ್ರಿ ತಂಪಾಗಿದ್ದರೆ ಈ ಹುಳಿ ಉಳಿಯುತ್ತದೆ, ಸಿಪ್ಪೆಯ ಬಣ್ಣವೂ ಕಟ್ಟುತ್ತದೆ. ಸಕ್ಕರೆಯಿದ್ದು ಹುಳಿಯಿಲ್ಲದ ಹಣ್ಣಿನ ವೈನು ಸಪ್ಪೆ, ಬೇಗ ಕೆಡುವಂಥದ್ದು. ತಿನ್ನುವ ದ್ರಾಕ್ಷಿಯಲ್ಲಿ ಹುಳಿ ಕಡಿಮೆಯಾದರೆ ಗಿರಾಕಿ ಮೆಚ್ಚುತ್ತಾನೆ. ವೈನ್ ಕಾರ್ಖಾನೆಯವನು ಅದೇ ಕಾರಣಕ್ಕೆ ಗಾಡಿಯನ್ನು ಹಿಂದಕ್ಕೆ ಕಳಿಸುತ್ತಾನೆ.

ಸಣ್ಣದೊಂದು ಲೆಕ್ಕ ಹಾಕೋಣ. 10 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ದ್ರಾಕ್ಷಿ ಬಳ್ಳಿ ಬೆಳೆಯುವುದಿಲ್ಲವೆಂದು ಹಿಡಿದು, ದಿನದ ಸರಾಸರಿ ಉಷ್ಣತೆಯಲ್ಲಿ 10ನ್ನು ಕಳೆದು, ಉಳಿದದ್ದನ್ನು ಬೆಳೆಯ ದಿನಗಳಿಗೆಲ್ಲ ಕೂಡಿಸುವುದು ವಾಡಿಕೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಅಮೆರೀನ್ ಮತ್ತು ವಿಂಕ್ಲರ್ 1944ರಲ್ಲಿ ದ್ರಾಕ್ಷಿ ಸೀಮೆಗಳನ್ನು ಈ ರೀತಿಯಲ್ಲಿಯೇ ವಿಂಗಡಿಸಿದರು. ಮೊಸೆಲ್‌ನಂತಹ ಕಡೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ 214 ದಿನಗಳ ಸರಾಸರಿಯನ್ನು 15 ಡಿಗ್ರಿ ಎಂದಿಟ್ಟುಕೊಂಡರೆ ಕೂಡಿದ ಉಷ್ಣಮಾನ 1,070. ನಮ್ಮಲ್ಲಿ ಅಕ್ಟೋಬರ್ ಚಾಟನಿಯಿಂದ ಕೊಯ್ಲಿನವರೆಗೆ 130 ದಿನ, ಸರಾಸರಿ 24 ಡಿಗ್ರಿ ಎಂದು ಹಿಡಿದರೆ 1,820. ಅವರ ಬಳ್ಳಿ ಏಳು ತಿಂಗಳಲ್ಲಿ ನಡೆದ ದಾರಿಗಿಂತ ಹೆಚ್ಚಿನ ದಾರಿಯನ್ನು ನಮ್ಮ ಬಳ್ಳಿ ನಾಲ್ಕು ತಿಂಗಳು ಹತ್ತು ದಿನದಲ್ಲಿ ಓಡುತ್ತದೆ. ಚಳಿಯಲ್ಲಿ ನಿಧಾನವಾಗಿ ಮಾಗುವುದಕ್ಕೆಂದೇ ಹೆಸರಾದ ರೀಸ್ಲಿಂಗ್, ಪಿನೋ ನ್ವಾರ್ ತಳಿಗಳನ್ನು ಈ ಓಟಕ್ಕೆ ಹಚ್ಚುವುದು ಸರಿಯಲ್ಲ. ಶಿರಾಜ್, ಕ್ಯಾಬರ್ನೆ, ಬಿಳಿಯಲ್ಲಿ ಶೆನಿನ್ ಬ್ಲಾಂ ಇವು ನಮ್ಮ ದೇಶದ ಸೆಕೆಗೆ ತಕ್ಕಮಟ್ಟಿಗೆ ಹೊಂದಿಕೊಂಡಿವೆ.

ನಂದಿ ಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಕಡೆ, ಹಲವು ವರ್ಷಗಳಿಂದ ವೈನ್ ದ್ರಾಕ್ಷಿ ಬೆಳೆಯುತ್ತಿದೆಯಲ್ಲ ಎಂದು ಕೇಳಬಹುದು. ಆ ನೆಲ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕೊಪ್ಪಳ 530ರ ಆಸುಪಾಸಿನಲ್ಲಿದೆ. ಪ್ರತಿ 100 ಮೀಟರಿಗೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ತಂಪಾಗುವುದರಿಂದ ಎತ್ತರವೊಂದರಿಂದಲೇ ಅವರಿಗೆ ಎರಡು ಡಿಗ್ರಿಗೂ ಮೀರಿದ ಅನುಕೂಲವಿದೆ. ನಮ್ಮ ಗುಡ್ಡಗಳನ್ನು ನಾವು ಎತ್ತರಿಸಲಾರೆವು.

ಆದರೆ ಚಳಿನಾಡಿನವರಿಗೆ ಇಲ್ಲದ ಒಂದು ಅಧಿಕಾರ ನಮ್ಮ ಕೈಯಲ್ಲಿದೆ. ಅವರ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ, ಹವೆ ಬೆಚ್ಚಗಾದಾಗ ಏಳುತ್ತದೆ; ಏಳುವ ದಿನವನ್ನು ಗೊತ್ತುಮಾಡುವುದು ಹವೆ. ನಮ್ಮಲ್ಲಿ ಅದನ್ನು ಗೊತ್ತುಮಾಡುವುದು ಕತ್ತರಿ. ಏಪ್ರಿಲ್ ಚಾಟನಿಯಿಂದ ಕಡ್ಡಿ ತಯಾರಿಸಿಕೊಂಡು, ಅಕ್ಟೋಬರ್ ಚಾಟನಿಯಿಂದ ಹಣ್ಣು ಪಡೆಯುತ್ತೇವೆ. ಅವರು ಬಿಸಿಲಿರುವ ಜಾಗವನ್ನು ಆರಿಸಿದ ಹಾಗೆ ನಾವು ತಂಪಿರುವ ಕಾಲವನ್ನು ಆರಿಸಿಕೊಳ್ಳಬಹುದು. ಚಳಿನಾಡಿನಿಂದ ನಾವು ಕಲಿಯಬೇಕಾದದ್ದು ಇದನ್ನೇ ಹೊರತು ಅವರ ಗುಡ್ಡವನ್ನಲ್ಲ, ತಳಿಯನ್ನೂ ಅಲ್ಲ.

ನಮ್ಮಲ್ಲಿ ರಾತ್ರಿ ಉಷ್ಣತೆ 15-16 ಡಿಗ್ರಿಗೆ ಇಳಿಯುವುದು ಡಿಸೆಂಬರ್, ಜನವರಿಯ ಮಾಗಿ ಚಳಿಯಲ್ಲಿ. ಶಿವರಾತ್ರಿಗೆ ಚಳಿಯು ಶಿವ ಶಿವ ಎಂದು ಹೊರಟುಹೋಗುತ್ತದೆಂಬುದು ಹಿರಿಯರ ಮಾತು. ಹವಾಮಾನದ ದಾಖಲೆಯೂ ಹೆಚ್ಚು ಕಡಿಮೆ ಅದನ್ನೇ ಹೇಳುತ್ತದೆ. ಆದುದರಿಂದ ಬಣ್ಣ ತಿರುಗುವುದರಿಂದ ಕೊಯ್ಲಿನವರೆಗಿನ 40-45 ದಿನಗಳು ಶಿವರಾತ್ರಿಯ ಒಳಗೇ ಬೀಳುವಂತೆ ಹಿಂದಕ್ಕೆ ಎಣಿಸಿ ಚಾಟನಿಯ ದಿನವನ್ನು ಗೊತ್ತುಮಾಡಬೇಕು. ಉತ್ತರಿ ಮಳೆಯಲ್ಲಿಯೇ ಅವಸರ ಮಾಡಿದರೆ ಎಳೆಯ ಚಿಗುರು ಮತ್ತು ಹೂಗೊಂಚಲು ಹಸ್ತ, ಚಿತ್ತಿ ಮಳೆಗೆ ಸಿಕ್ಕಿ ಬೂಜು ತುಪ್ಪಟ ರೋಗಕ್ಕೆ ತುತ್ತಾಗುತ್ತವೆ. 1880ರ ದಶಕದಲ್ಲಿ ಫ್ರಾನ್ಸಿನ ಮಿಲಾರ್ಡೆ ಎಂಬ ವಿಜ್ಞಾನಿ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದದ್ದು ಇದೇ ರೋಗಕ್ಕಾಗಿ. ಇನ್ನು ಸ್ವಾತಿ ಮಳೆ ದಾಟಿಸಿ ನವೆಂಬರಿನಲ್ಲಿ ಕತ್ತರಿ ಹಾಕಿದರೆ ರೋಗದ ಕಾಟ ತಗ್ಗುತ್ತದೆ, ಆದರೆ ಹಣ್ಣು ಮಾರ್ಚಿಯ ಉರಿಯಲ್ಲಿ ಮಾಗುತ್ತದೆ. ಹಸ್ತದ ಕೊನೆಯಿಂದ ಚಿತ್ತಿಯ ಮಧ್ಯದವರೆಗಿನ ಸಮಯವೇ ವೈನ್ ತಳಿಗೆ ಲೇಸೆಂದು ನಾನು ಹೇಳುತ್ತೇನೆ. ಆ ವರ್ಷದ ಮಳೆ ನೋಡಿ ನಾಲ್ಕಾರು ದಿನ ಆಚೀಚೆ ಮಾಡಬೇಕಾಗುವುದು ಸಹಜ.

ಕಣ್ಣು ಒಟ್ಟಿಗೆ ಒಡೆಯಲೆಂದು ಚಾಟನಿಯ ನಂತರ ಹೈಡ್ರೋಜನ್ ಸಯನಮೈಡ್ ಹಚ್ಚುವುದುಂಟು. ಚಳಿನಾಡಿನಲ್ಲಿ ಚಳಿ ಮಾಡುವ ಕೆಲಸವನ್ನು ಇಲ್ಲಿ ಈ ಔಷಧ ಮಾಡುತ್ತದೆ. ಇದು ವಿಷ, ಕೈಗವಸಿಲ್ಲದೆ ಮುಟ್ಟಬಾರದು. ಹಚ್ಚುವ ದಿನವೂ ಅದರ ಹಿಂದು ಮುಂದಿನ ದಿನಗಳಲ್ಲಿಯೂ ಕೂಲಿಯವರು ಮದ್ಯ ಮುಟ್ಟದಂತೆ ನೋಡಿಕೊಳ್ಳಿರಿ. ದೇಹದಲ್ಲಿ ಎರಡೂ ಸೇರಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ಪ್ರಾಣಕ್ಕೇ ಅಪಾಯ ಒದಗೀತು.

ಎಲೆ ತೆಗೆಯುವ ವಿಚಾರದಲ್ಲಿ ನಾನೇ ಮಾಡಿದ ತಪ್ಪೊಂದನ್ನು ಇಲ್ಲಿ ಹೇಳಬೇಕು. ಚಳಿನಾಡಿನ ಪುಸ್ತಕಗಳಲ್ಲಿ ಗೊಂಚಲಿನ ಸುತ್ತಲಿನ ಎಲೆ ತೆಗೆದು ಬಿಸಿಲು ಬೀಳುವಂತೆ ಮಾಡಿರೆಂದು ಓದಿದ್ದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಪ್ರಾತ್ಯಕ್ಷಿಕೆ ತಾಕಿನಲ್ಲಿ ಸಾಲಿನ ಎರಡೂ ಮಗ್ಗುಲ ಎಲೆ ತೆಗೆಸಿದೆ. ಹದಿನೈದು ದಿನದಲ್ಲಿ ಪಡುವಣ ಮಗ್ಗುಲ ಗೊಂಚಲುಗಳು ಸುಟ್ಟು ಕಂದಿ, ಹಣ್ಣು ಸುಕ್ಕುಗಟ್ಟಿತು. ತೋಟದ ಯಜಮಾನರು ಬಾಯಿಬಿಟ್ಟು ಏನನ್ನೂ ಅನ್ನಲಿಲ್ಲ. ಅದೇ ನನಗೆ ಹೆಚ್ಚು ನಾಟಿತು. ಅಂದಿನಿಂದ ನಾನು ಹೇಳುವುದಿಷ್ಟು: ಮುಂಜಾನೆಯ ಬಿಸಿಲು ಬೀಳುವ ಮೂಡಣ ಮಗ್ಗುಲಿನಲ್ಲಿ ಗಾಳಿಯಾಡುವಷ್ಟು ಎಲೆ ತೆಗೆಯಿರಿ, ಪಡುವಣ ಮಗ್ಗುಲನ್ನು ಮುಟ್ಟಬೇಡಿರಿ. ಇಳಿಜಾರನ್ನು ಆರಿಸುವ ಅವಕಾಶವಿದ್ದರೆ ಮೂಡಣಕ್ಕೋ ಬಡಗಣಕ್ಕೋ ವಾಲಿದ, ಮಣ್ಣು ಆಳವಿರುವ ಮಸಾರಿಯನ್ನು ಆರಿಸಿರಿ. ಬರೀ ಬಂಡೆಯ ಮರಡಿ ಬೇಡ. ಮೊಸೆಲ್‌ನ ಬಳ್ಳಿಗೆ ಸಾಮಾನ್ಯವಾಗಿ ಮಳೆಯೇ ನೀರು. ಸುಮಾರು 600 ಮಿ.ಮೀ. ಮಳೆಯ ನಮ್ಮ ಸೀಮೆಯಲ್ಲಿ ಹಣ್ಣಿನ ಬೆಳೆ ನಿಲ್ಲುವುದು ಮಳೆ ಮುಗಿದ ಮೇಲೆ, ಹನಿ ನೀರಾವರಿಯ ಮೇಲೆ. ಕೊಳವೆ ಬಾವಿಯ ನೀರು ಸವುಳಾಗಿದ್ದರೆ ಗುಡ್ಡವೂ ಇಲ್ಲ, ತೋಟವೂ ಇಲ್ಲ. ಡಾಗ್ರಿಡ್ಜ್ ಬೇರುಸಸಿಯ ಮೇಲೆ ಕಸಿ ಮಾಡಿದ ಬಳ್ಳಿ ಹುರುಪಿನಿಂದ ಬೆಳೆಯುತ್ತದೆ ನಿಜ. ವೈನ್ ತಳಿಗೆ ಆ ಹುರುಪೇ ಹೊರೆಯಾಗುವುದರಿಂದ 110 ಆರ್ ಎಂಬ ಬೇರುಸಸಿಯನ್ನು ಮೊದಲು ವಿಚಾರಿಸಿರಿ.

ಇಷ್ಟೆಲ್ಲ ಹೇಳಿದ ಮೇಲೆ ಆ ರೈತರಿಗೆ ನಾನು ವೈನ್ ತಳಿ ಹಚ್ಚಿರೆಂದು ಹೇಳಿದೆನೇ? ಇಲ್ಲ. ಕಾರಣ ಹವಾಗುಣದ್ದಲ್ಲ, ಮಾರುಕಟ್ಟೆಯದು.

ತಿನ್ನುವ ದ್ರಾಕ್ಷಿಗೆ ಪೇಟೆಯಲ್ಲಿ ಬೆಲೆ ಬಿದ್ದರೆ ಒಣಗಿಸಿ ಮಣೂಕ ಮಾಡಬಹುದು. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಬರುತ್ತದೆ, ಶೀತಗೃಹದಲ್ಲಿಟ್ಟು ಕಾಯಬಹುದು. ವೈನ್ ದ್ರಾಕ್ಷಿಯ ಹಣ್ಣು ಸಣ್ಣದು, ಬೀಜ ತುಂಬಿದ್ದು, ಸಿಪ್ಪೆ ದಪ್ಪ. ಸಂತೆಯಲ್ಲಿ ಯಾರೂ ಕೊಳ್ಳರು, ಮಣೂಕಕ್ಕೂ ಬಾರದು. ಕಾರ್ಖಾನೆಯವನು ಒಲ್ಲೆನೆಂದರೆ ಬುಟ್ಟಿಯನ್ನು ತಿಪ್ಪೆಗೆ ಸುರಿಯಬೇಕು. ಮಹಾರಾಷ್ಟ್ರದಲ್ಲಿ 2001ರ ವೈನ್ ನೀತಿಯ ನಂತರ ನಾಸಿಕ್ ಭಾಗದ ರೈತರು ಹುರುಪಿನಿಂದ ವೈನ್ ತಳಿ ಹಚ್ಚಿದರು. 2008ರ ಆರ್ಥಿಕ ಹಿನ್ನಡೆಯಿಂದ ಮಾರಾಟ ಕುಸಿದಾಗ ಕಾರ್ಖಾನೆಗಳು ಕೊಳ್ಳುವುದನ್ನು ಕಡಿಮೆ ಮಾಡಿದವು; ಅನೇಕರು ಫಲಕ್ಕೆ ಬಂದ ಬಳ್ಳಿಗಳನ್ನೇ ಕಿತ್ತುಹಾಕಿದರು. ನಮ್ಮ ರಾಜ್ಯದಲ್ಲಿಯೂ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದಿದೆ. ನೀತಿಯು ಕಾರ್ಖಾನೆ ಕಟ್ಟುವವನಿಗೆ ಉತ್ತೇಜನ ಕೊಡುತ್ತದೆಯೇ ಹೊರತು ನಿಮ್ಮ ಹಣ್ಣನ್ನು ಕೊಳ್ಳುವ ಮಾತು ಕೊಡುವುದಿಲ್ಲ. ಸ್ವಂತ ತೋಟ, ಸ್ವಂತ ಕಾರ್ಖಾನೆ ಇದ್ದವರ ಮಾತು ಬೇರೆ. ನಾಲ್ಕು ಎಕರೆಯ ಒಕ್ಕಲಿಗ ಅವರನ್ನು ನೋಡಿ ಹೆಜ್ಜೆ ಇಡಲಾಗದು. ಇಳುವರಿಯೂ ನೆನಪಿರಲಿ. ತಿನ್ನುವ ದ್ರಾಕ್ಷಿಯಲ್ಲಿ ಎಕರೆಗೆ 10 ಟನ್ ತೆಗೆಯುವವರು ನಮ್ಮಲ್ಲಿದ್ದಾರೆ. ಗುಣಮಟ್ಟ ಬೇಕೆನ್ನುವ ಕಾರ್ಖಾನೆಯವರು ವೈನ್ ತಳಿಯಲ್ಲಿ ಅದರ ಅರ್ಧಕ್ಕೆ ಫಸಲನ್ನು ನಿಲ್ಲಿಸಿರಿ ಎನ್ನುತ್ತಾರೆ. ಕಿಲೋ ಬೆಲೆ ಅದಕ್ಕೆ ತಕ್ಕಂತೆ ದುಪ್ಪಟ್ಟಾಗದಿದ್ದರೆ ಲೆಕ್ಕ ಕೂಡುವುದಿಲ್ಲ.

ಕೊಳ್ಳುವವನೊಡನೆ ಕನಿಷ್ಠ ಐದು ವರ್ಷದ ಕರಾರು ಕಾಗದದ ಮೇಲೆ ಆಗಬೇಕು. ಬೆಲೆ, ಸಕ್ಕರೆಯ ಮಟ್ಟ, ಹುಳಿಯ ಮಟ್ಟ, ಅಳೆಯುವವರು ಯಾರು, ಹಣ್ಣು ಒಲ್ಲೆನೆಂದರೆ ನಷ್ಟ ಯಾರದು, ಎಲ್ಲವೂ ಅದರಲ್ಲಿರಬೇಕು. ಅದಿಲ್ಲದೆ ಒಂದು ಸಸಿಯನ್ನೂ ಹಚ್ಚಬಾರದು.

ಆ ರೈತರು ಸ್ವಲ್ಪ ಸಪ್ಪಗಾದರು. ಹೊರಡುವಾಗ ಅವರಿಗೆ ಖರ್ಚಿಲ್ಲದ ಕೆಲಸವೊಂದನ್ನು ಹೇಳಿ ಕಳಿಸಿದೆ. ಗರಿಷ್ಠ-ಕನಿಷ್ಠ ಉಷ್ಣತಾಮಾಪಕವೊಂದನ್ನು ಮರಡಿಯ ಮೇಲೆ ನೆರಳಿನಲ್ಲಿ, ಎದೆಯೆತ್ತರಕ್ಕೆ ಕಟ್ಟಿ, ಚಿತ್ತಿ ಮಳೆಯಿಂದ ಶಿವರಾತ್ರಿಯವರೆಗೆ ದಿನಾ ಬೆಳಿಗ್ಗೆ ನೋಡಿ ಮಗಳ ಹಳೆಯ ಪಟ್ಟಿಯಲ್ಲಿ ಬರೆದಿಡಿ, ಬಾವಿಯ ನೀರಿನ ಸೀಸೆಯೊಂದನ್ನೂ ಪರೀಕ್ಷೆಗೆ ತನ್ನಿ ಎಂದೆ. ಮಾಪಕವನ್ನು ನಾವೇ ಕೊಟ್ಟೆವು. ಸೀಸೆ ಮರುವಾರವೇ ಬಂತು. ಪಟ್ಟಿ ಇನ್ನೂ ತುಂಬುತ್ತಿದೆ.